ಉತ್ಪನ್ನ ಛಾಯಾಚಿತ್ರ ತಿದ್ದುಪಡಿಯ ಹೊರಗುತ್ತಿಗೆ

ಉತ್ಪನ್ನ ಛಾಯಾಚಿತ್ರ ತಿದ್ದುಪಡಿಯ ಹೊರಗುತ್ತಿಗೆ ಎಂದರೆ ಮಾರಾಟಕ್ಕಿಟ್ಟ ಸರಕಿನ ಚಿತ್ರಗಳನ್ನು ವ್ಯಾಪಾರಿಯು ತಾನೇ ತಿದ್ದದೆ, ಹೊರಗಿನ ವ್ಯಕ್ತಿಗೋ ಸಂಸ್ಥೆಗೋ ಹಣ ಕೊಟ್ಟು ತಿದ್ದಿಸಿಕೊಳ್ಳುವ ಪದ್ಧತಿ. ಅಂತರಜಾಲದಲ್ಲಿ ಕೊಳ್ಳುವವನು ಸರಕನ್ನು ಮುಟ್ಟಿ ನೋಡಲಾರ. ಚಿತ್ರವನ್ನೇ ನಂಬಿ ಹಣ ಕೊಡುತ್ತಾನೆ. ಆದ್ದರಿಂದ ಸಣ್ಣ ವ್ಯಾಪಾರಿಗಳ ಪಾಲಿಗೆ ಈ ಕೆಲಸವು ಅಲಂಕಾರಕ್ಕಿಂತ ಹೆಚ್ಚಾಗಿ ವ್ಯವಹಾರದ ವಿಶ್ವಾಸಕ್ಕೆ ಸಂಬಂಧಿಸಿದ್ದಾಗಿದೆ.

ಇತಿಹಾಸ

ಚಿತ್ರವನ್ನು ಬೇರೆಯವರ ಕೈಯಿಂದ ತಿದ್ದಿಸುವುದು ಗಣಕಯಂತ್ರದೊಡನೆ ಹುಟ್ಟಿದ ರೂಢಿಯಲ್ಲ. ಕಪ್ಪು-ಬಿಳುಪಿನ ಕಾಲದಲ್ಲಿ ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ಗೆರೆ ಎಳೆದು ಮುಖದ ಕಲೆ ಮರೆಸುವ ಕುಶಲಕರ್ಮಿಗಳಿದ್ದರು. ಬಣ್ಣದ ಫಿಲ್ಮು ಬಂದ ಮೇಲೆ ಚಿಕ್ಕ ಊರಿನ ಸ್ಟುಡಿಯೊಗಳು ಸುರುಳಿಗಳನ್ನು ದೊಡ್ಡ ಊರಿನ ಲ್ಯಾಬಿಗೆ ಕಳುಹಿಸಿ ದಿನಗಟ್ಟಲೆ ಕಾಯುತ್ತಿದ್ದವು. ಅಡೋಬಿ ಸಂಸ್ಥೆಯು 1990ರಲ್ಲಿ ಫೋಟೊಶಾಪ್ ತಂತ್ರಾಂಶವನ್ನು ಬಿಡುಗಡೆ ಮಾಡಿದ ಬಳಿಕ ತಿದ್ದುವ ಕೆಲಸ ಪರದೆಗೆ ಬಂದಿತು. ಅಂತರಜಾಲದ ವೇಗ ಹೆಚ್ಚಿದಂತೆ ಅದು ದೇಶದ ಗಡಿಯನ್ನೂ ದಾಟಿತು. ಇಂದು ಬಾಂಗ್ಲಾದೇಶದ ಢಾಕಾ ಮತ್ತು ಭಾರತದ ಹಲವು ನಗರಗಳಲ್ಲಿ ಪಾಶ್ಚಾತ್ಯ ವ್ಯಾಪಾರ ಸಂಸ್ಥೆಗಳ ಚಿತ್ರಗಳನ್ನು ತಿದ್ದುವ ಕಚೇರಿಗಳಿವೆ.

ಕೆಲಸದ ಬಗೆ

ಈ ಕೆಲಸದಲ್ಲಿ ಮುಖ್ಯವಾದುದು ಹಿನ್ನೆಲೆಯನ್ನು ತೆಗೆಯುವುದು. ವಸ್ತುವಿನ ಅಂಚಿನ ಸುತ್ತ ಬಿಂದುಬಿಂದುವಾಗಿ ರೇಖೆ ಎಳೆದು ಹೊರಭಾಗವನ್ನು ಕತ್ತರಿಸುವ ಕ್ರಮಕ್ಕೆ ಕ್ಲಿಪ್ಪಿಂಗ್ ಪಾತ್ ಎನ್ನುತ್ತಾರೆ. ಕೂದಲು, ದಾರದ ಕುಚ್ಚು, ಗಾಜು ಮುಂತಾದವುಗಳಿಗೆ ರೇಖೆ ಸಾಲದು. ಅವಕ್ಕೆ ಮಾಸ್ಕಿಂಗ್ ಎಂಬ ಇನ್ನೊಂದು ವಿಧಾನವುಂಟು. ಬಣ್ಣ ಸರಿಪಡಿಸುವುದು, ಧೂಳಿನ ಚುಕ್ಕೆ ಅಳಿಸುವುದು, ಸಹಜವಾದ ನೆರಳು ಕೂಡಿಸುವುದು, ಅಳತೆಗೆ ತರುವುದು ಉಳಿದ ಕೆಲಸಗಳು. ಅಮೆಜಾನ್ ಮಾರುಕಟ್ಟೆಯ ನಿಯಮದಂತೆ ಮುಖ್ಯ ಚಿತ್ರದ ಹಿನ್ನೆಲೆಯು ಅಚ್ಚ ಬಿಳಿಯಾಗಿರಬೇಕು, ವಸ್ತುವು ಚೌಕಟ್ಟಿನ 85 ಪ್ರತಿಶತ ಭಾಗವನ್ನು ತುಂಬಿರಬೇಕು. ಹಿಗ್ಗಿಸಿ ನೋಡುವ ಸೌಲಭ್ಯ ಬೇಕಾದರೆ ಚಿತ್ರದ ಉದ್ದನೆಯ ಬದಿ 1000 ಪಿಕ್ಸೆಲ್‌ಗಳಿಗೆ ಕಡಿಮೆಯಾಗದಿರುವುದು ಒಳಿತು.

ಸರಕಿನ ಸ್ವಭಾವವೂ ತಿದ್ದುವವನ ಕೈಯೂ

ಹೊರಗುತ್ತಿಗೆಯ ನಿಜವಾದ ತೊಡಕು ದರವಲ್ಲ. ತಿದ್ದುವವನು ಆ ಸರಕನ್ನು ಎಂದೂ ಕಂಡಿರುವುದಿಲ್ಲ ಎಂಬುದೇ ತೊಡಕು. ಕಲಬುರಗಿ ಜಿಲ್ಲೆಯ ಸೇಡಂ ಭಾಗದ ಸರಕುಗಳನ್ನೇ ತೆಗೆದುಕೊಂಡರೆ ಇದು ಸ್ಪಷ್ಟವಾಗುತ್ತದೆ. ಸೇಡಂ ತಾಲೂಕಿನ ಮುಧೋಳ (ಬಾಗಲಕೋಟೆ ಜಿಲ್ಲೆಯ ಮುಧೋಳ ಬೇರೆ), ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯಿಂದ ಹೊರಗೆ ಹೋಗುವ ಸರಕುಗಳಲ್ಲಿ ಸಿಮೆಂಟಿನ ಮಾತು ಬೇರೆ. ಅದನ್ನು ಯಾರೂ ಚಿತ್ರ ನೋಡಿ ಕೊಳ್ಳುವುದಿಲ್ಲ. ತೊಗರಿಬೇಳೆ ಮತ್ತು ಶಹಾಬಾದಿ ಕಲ್ಲು ಹಾಗಲ್ಲ.

ಇಲ್ಲಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ದೂರದ ತಿದ್ದುಗಾರನು ಬೇಳೆಯ ಚಿತ್ರ ಕಂಡೊಡನೆ ಹಳದಿಯನ್ನು ಗಾಢಗೊಳಿಸಿ ಹೊಳಪು ಕೂಡಿಸುವುದು ಸಹಜ. ಅವನ ದೃಷ್ಟಿಯಲ್ಲಿ ಅದು ಚೆಂದ. ಆದರೆ ಬೇಳೆಗೆ ಮೆಟಾನಿಲ್ ಹಳದಿ ಎಂಬ ನಿಷಿದ್ಧ ಬಣ್ಣ ಬೆರೆಸುವ ಮೋಸವನ್ನು ಅರಿತ ಗೃಹಿಣಿಗೆ ಅತಿಯಾದ ಹಳದಿಯೇ ಸಂಶಯದ ಕಾರಣ. ಪಾಲಿಶ್ ಮಾಡದ ಬೇಳೆ ಎಂದು ಚೀಟಿಯಲ್ಲಿ ಬರೆದು, ಚಿತ್ರದಲ್ಲಿ ಎಣ್ಣೆ ಸವರಿದಂತೆ ಮಿಂಚಿಸಿದರೆ ಮಾತು ಮತ್ತು ಚಿತ್ರ ಒಂದನ್ನೊಂದು ಸುಳ್ಳು ಮಾಡುತ್ತವೆ. ಪೊಟ್ಟಣದ ಮೇಲಿನ ಅಕ್ಷರಗಳದು ಮತ್ತೊಂದು ಪ್ರಶ್ನೆ. ಮಸುಕಾದ ಚಿತ್ರವನ್ನು ಕೃತಕ ಬುದ್ಧಿಮತ್ತೆಯ ಸಾಧನದಿಂದ ಹಿಗ್ಗಿಸಿದಾಗ ಕನ್ನಡದ ಒತ್ತಕ್ಷರಗಳು ಅರ್ಥವಿಲ್ಲದ ಗೀಟುಗಳಾಗುವುದುಂಟು. ನಿವ್ವಳ ತೂಕ, ಬೆಲೆ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ ಕೂಡ ಬದಲಾಗಿಬಿಡಬಹುದು. ಕನ್ನಡ ಓದಲಾರದ ತಿದ್ದುಗಾರನಿಗೆ ಆ ತಪ್ಪು ಕಾಣುವುದೇ ಇಲ್ಲ. ಮರಳಿ ಬಂದ ಚಿತ್ರವನ್ನು ವ್ಯಾಪಾರಿಯೇ ಅಕ್ಷರ ಅಕ್ಷರವಾಗಿ ಓದಿ ನೋಡಬೇಕು.

ಶಹಾಬಾದಿ ಕಲ್ಲು ಪದರಪದರವಾಗಿ ಸೀಳುವ ಸುಣ್ಣದ ಕಲ್ಲು. ಬೂದು, ನೀಲಿ ಛಾಯೆ, ಹಳದಿ ಮಿಶ್ರಿತ ಛಾಯೆ ಎಂಬ ಸೂಕ್ಷ್ಮ ಭೇದಗಳ ಮೇಲೆಯೇ ಕೊಳ್ಳುವವನ ಆಯ್ಕೆ ನಿಂತಿರುತ್ತದೆ. ತೆಲಂಗಾಣದ ತಾಂಡೂರಿನ ಕಲ್ಲೂ ಇದೇ ಬಗೆಯದು. ನೀರು ಹಾಕಿದ ಕಲ್ಲು ಒಣಗಿದ ಕಲ್ಲಿಗಿಂತ ಕಪ್ಪಾಗಿ, ಸೊಗಸಾಗಿ ಕಾಣುತ್ತದೆ. ತಿದ್ದುವಾಗ ಕಾಂತಿಭೇದ ಹೆಚ್ಚಿಸಿದರೂ ಅದೇ ಪರಿಣಾಮ. ಕಲ್ಲಿನ ಮೇಲಿನ ಸಹಜವಾದ ಎಳೆ ಮತ್ತು ಕಲೆಗಳನ್ನು ಧೂಳೆಂದು ತಿಳಿದು ಅಳಿಸಿದರೆ ಕೊಳ್ಳುವವನು ಇಲ್ಲದ ನುಣುಪನ್ನು ನಿರೀಕ್ಷಿಸುತ್ತಾನೆ. ಸೀರೆಯನ್ನು ಅಂಚೆಯಲ್ಲಿ ಹಿಂದಿರುಗಿಸಬಹುದು. ಒಂದು ಲಾರಿ ಕಲ್ಲನ್ನು ಹಿಂದಿರುಗಿಸುವುದು ಸಣ್ಣ ವ್ಯಾಪಾರಿಯನ್ನು ಮುಳುಗಿಸುವಷ್ಟು ದುಬಾರಿ. ಒಣಗಿದ ಕಲ್ಲಿನ ಒಂದು ಚಿತ್ರ, ನೀರು ಹಾಕಿದ ಕಲ್ಲಿನ ಒಂದು ಚಿತ್ರ ಎಂದು ಎರಡನ್ನೂ ಹೆಸರಿಸಿ ಪ್ರಕಟಿಸುವುದು ಇದಕ್ಕೆ ಸರಳ ಉಪಾಯ.

ನೆರೆಯ ಬೀದರಿನ ಬಿದರಿ ಪಾತ್ರೆಗಳಲ್ಲಿ ಕಪ್ಪು ಮೈಯ ಮೇಲೆ ಬೆಳ್ಳಿಯ ಕುಸುರಿ ಇರುತ್ತದೆ. ಚಿತ್ರವನ್ನು ಯಾಂತ್ರಿಕವಾಗಿ ಬೆಳಗಿಸಿದರೆ ಕಪ್ಪು ಬೂದಿಯಾಗಿ, ಕಲೆಯ ಜೀವಾಳವೇ ಮಾಯವಾಗುತ್ತದೆ. ಇಳಕಲ್ ಸೀರೆಯಲ್ಲಿ ಒಡಲನ್ನೂ ಸೆರಗನ್ನೂ ಕೊಂಡಿ ಹಾಕಿ ಜೋಡಿಸಿದ ಸಂದು ನೇಯ್ಗೆಯ ಗುರುತು. ಅರಿಯದವನಿಗೆ ಅದು ಒರೆಸಬೇಕಾದ ದೋಷವಾಗಿ ಕಂಡೀತು.

ಸೂಚನಾಪತ್ರ

ಈ ಕಾರಣದಿಂದ ಚಿತ್ರಗಳೊಡನೆ ಲಿಖಿತ ಸೂಚನೆಯನ್ನು ಕಳುಹಿಸುವುದು ಅವಶ್ಯ. ಏನು ಮಾಡಬೇಕೆಂಬುದಕ್ಕಿಂತ ಏನನ್ನು ಮುಟ್ಟಬಾರದೆಂಬುದು ಅದರಲ್ಲಿ ಮೊದಲು ಬರಬೇಕು. ಪ್ರತಿ ಸರಕಿನೊಡನೆ ಬೂದು ಬಣ್ಣದ ಪ್ರಮಾಣ ಕಾರ್ಡನ್ನು ಇಟ್ಟು ಒಂದು ಚಿತ್ರ ತೆಗೆದುಕೊಂಡರೆ ಬಣ್ಣ ಹೊಂದಿಸಲು ತಿದ್ದುಗಾರನಿಗೆ ಆಧಾರ ಸಿಗುತ್ತದೆ. ಮೊದಲಿಗೆ ನಾಲ್ಕೈದು ಚಿತ್ರಗಳನ್ನಷ್ಟೇ ಕೊಟ್ಟು ಕೈ ಪರೀಕ್ಷಿಸುವುದು ರೂಢಿ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗಿ ವಿವರ ನಷ್ಟವಾಗುತ್ತದೆ. ಕಡತದ ರೂಪದಲ್ಲಿ ಕಳುಹಿಸಬೇಕು. ಮೂಲ ಪ್ರತಿ ವ್ಯಾಪಾರಿಯ ಬಳಿಯೇ ಉಳಿಯಬೇಕೆಂಬುದನ್ನು ಹೇಳಬೇಕಾಗಿಲ್ಲ, ಆದರೂ ಮರೆಯುವವರೇ ಹೆಚ್ಚು.

ಕಾನೂನು

ಭಾರತದ ಕೃತಿಸ್ವಾಮ್ಯ ಕಾಯ್ದೆ, 1957ರ 17ನೆಯ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದರೆ ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಒಡೆಯನು ತೆಗೆಸಿದವನೇ. ಹಕ್ಕಿನ ವರ್ಗಾವಣೆಯು ಬರವಣಿಗೆಯಲ್ಲಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದನ್ನು ಐದು ವರ್ಷವೆಂದು ಪರಿಗಣಿಸಲಾಗುತ್ತದೆ. ತಿದ್ದಿದ ಪ್ರತಿಯ ಮೇಲೆ ತಿದ್ದುಗಾರನು ಹಕ್ಕು ಸಾಧಿಸದಂತೆ, ತನ್ನ ಜಾಹೀರಾತಿನಲ್ಲಿ ಬಳಸದಂತೆ ಮೊದಲೇ ಬರೆಸಿಕೊಳ್ಳುವುದು ಕ್ಷೇಮ. ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು, 2020ರ ಪ್ರಕಾರ ಜಾಹೀರಾತು ಸರಕಿನ ನಿಜ ಗುಣಲಕ್ಷಣಗಳಿಗೆ ಹೊಂದಿರಬೇಕು. ಹೊಂದದ ಸರಕನ್ನು ಹಿಂಪಡೆಯಲು ಮಾರಾಟಗಾರನು ನಿರಾಕರಿಸುವಂತಿಲ್ಲ. ಚಿತ್ರವನ್ನು ತಿದ್ದಿದವನು ಬೇರೆ ಎಂಬ ನೆಪ ಗ್ರಾಹಕನ ಮುಂದೆ ನಡೆಯದು.

ಸ್ವತಃ ತಿದ್ದುವುದು

ಹತ್ತಿಪ್ಪತ್ತು ಸರಕುಗಳಷ್ಟೇ ಇದ್ದಲ್ಲಿ ಹೊರಗುತ್ತಿಗೆಯ ಅಗತ್ಯವೇ ಬೀಳದಿರಬಹುದು. 1996ರಲ್ಲಿ ಮೊದಲು ಬಿಡುಗಡೆಯಾದ ಗಿಂಪ್ ಎಂಬ ಮುಕ್ತ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. 2018ರಲ್ಲಿ ಆರಂಭವಾದ ರಿಮೂವ್ ಬಿಜಿ ಮುಂತಾದ ಸೇವೆಗಳು ಕ್ಷಣಗಳಲ್ಲಿ ಹಿನ್ನೆಲೆ ತೆಗೆಯುತ್ತವೆ. ಡಬ್ಬಿ, ಪೊಟ್ಟಣದಂತಹ ಗಟ್ಟಿ ಅಂಚಿನ ವಸ್ತುಗಳಲ್ಲಿ ಫಲಿತಾಂಶ ಚೆನ್ನಾಗಿರುತ್ತದೆ, ಹರಡಿದ ಕಾಳಿನ ರಾಶಿಯಲ್ಲಿ ಅಂಚಿನ ಕಾಳುಗಳು ಅರ್ಧ ಕತ್ತರಿಸಿಹೋಗುತ್ತವೆ. ಉತ್ತರ ದಿಕ್ಕಿನ ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಹೊತ್ತಿನಲ್ಲಿ, ಬಿಳಿ ಡ್ರಾಯಿಂಗ್ ಹಾಳೆಯನ್ನು ಹಿಂದೆ ಬಾಗಿಸಿಟ್ಟು ಚಿತ್ರ ತೆಗೆದರೆ ತಿದ್ದಬೇಕಾದದ್ದೇ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.