ಒಂದು ಚಾನಲ್ ಮಾತ್ರ ಕೆಟ್ಟಾಗ

ವಿದ್ಯುತ್ತಿನ ಏರಿಳಿತವನ್ನು ಕಣ್ಣಿಗೆ ಕಾಣುವ ರೇಖೆಯನ್ನಾಗಿ ಮಾರ್ಪಡಿಸುವ ಆಸಿಲೋಸ್ಕೋಪು, 1897ರಲ್ಲಿ ಫರ್ಡಿನೆಂಡ್ ಬ್ರೌನನು ರೂಪಿಸಿದ ಕ್ಯಾಥೋಡ್ ಕಿರಣ ನಳಿಕೆಯಿಂದ ಮೊದಲ್ಗೊಂಡು ಬಹುದೂರ ಸಾಗಿಬಂದು, ಈಗ ತನ್ನದೆಂಬ ತೆರೆಯೂ ಇಲ್ಲದ ಕಿರುಪೆಟ್ಟಿಗೆಯಾಗಿ, ಯುಎಸ್‌ಬಿ ತಂತಿಯ ಮೂಲಕ ಕಂಪ್ಯೂಟರಿನ ತೆರೆಯನ್ನೇ ಆಶ್ರಯಿಸುವುದೂ ಉಂಟು. ಇಂತಹ ಉಪಕರಣದ ಎರಡು ಚಾನಲುಗಳಲ್ಲಿ ಒಂದು ಕೆಟ್ಟು ಮತ್ತೊಂದು ಸರಿಯಾಗಿರುವುದು ಅರ್ಧನಷ್ಟವೆಂದು ತೋರಬಹುದಾದರೂ, ದೋಷವನ್ನು ಅರಸುವವರಿಗೆ ಇದಕ್ಕಿಂತ ಅನುಕೂಲವಾದ ಸ್ಥಿತಿ ಬೇರೊಂದಿಲ್ಲ. ಏಕೆಂದರೆ ಅದೇ ಬಗೆಯ ಘಟಕಗಳಿಂದ ಕಟ್ಟಲ್ಪಟ್ಟ ಸ್ವಸ್ಥ ಮಾರ್ಗವೊಂದು ಹೋಲಿಕೆಗಾಗಿ ಪಕ್ಕದಲ್ಲಿಯೇ ದೊರೆಯುತ್ತದೆ. ವಿದ್ಯುತ್ ಪೂರೈಕೆಯಂತಹ, ಎರಡಕ್ಕೂ ಸೇರಿದ ಭಾಗಗಳು ಕೆಟ್ಟಿದ್ದರೆ ಎರಡು ಚಾನಲುಗಳೂ ಬಳಲಬೇಕಾಗಿತ್ತು.

ಮೊದಲು, ಸಂಕೇತವನ್ನು ಚಾನಲಿಗೆ ತರುವ ಪ್ರೋಬುಗಳನ್ನು ಅದಲುಬದಲು ಮಾಡತಕ್ಕದ್ದು. ದೋಷವು ಪ್ರೋಬಿನೊಡನೆ ಆಚೆಯ ಚಾನಲಿಗೆ ಹೋದರೆ ಪ್ರೋಬೇ ಕೆಟ್ಟಿದೆ. ಚಾನಲಿನಲ್ಲಿಯೇ ಉಳಿದರೆ, ತಂತ್ರಾಂಶದಲ್ಲಿ ಆ ಚಾನಲಿಗೆ ಎಸಿ, ಡಿಸಿ ಆಯ್ಕೆಯೂ ಪ್ರೋಬಿನ ಗುಣಕವೂ ಏನೆಂದು ಇಟ್ಟಿದೆಯೋ ಅದನ್ನು ಪರಿಶೀಲಿಸಬೇಕು. ಇಷ್ಟನ್ನೂ ನೋಡದೆ ಸ್ಕ್ರೂಡ್ರೈವರಿಗೆ ಕೈಹಾಕುವುದು ಅವಸರವೇ ಸರಿ.

ಇನ್ನು, ಬಹುಮಂದಿ ಗಮನಿಸದ, ಆದರೆ ಅತ್ಯಂತ ಫಲಕಾರಿಯಾದ ಪರೀಕ್ಷೆಯೊಂದಿದೆ. ಚಾನಲಿನ ಪ್ರವೇಶರೋಧವು ಸಾಮಾನ್ಯವಾಗಿ 1 ಮೆಗಾಓಮ್. ತನ್ನ ಸ್ವಿಚ್ಚಿನ 10ಎಕ್ಸ್ ಸ್ಥಾನದಲ್ಲಿ ಪ್ರೋಬು ತನ್ನೊಳಗಿನ 9 ಮೆಗಾಓಮನ್ನು ಇದರೊಡನೆ ಸೇರಿಸಿ, ಸಂಕೇತದ ಹತ್ತನೆಯ ಒಂದು ಪಾಲನ್ನಷ್ಟೇ ಒಳಬಿಡುತ್ತದೆ. ಡಿಸಿ ಆಯ್ಕೆಯಲ್ಲಿ 1.5 ವೋಲ್ಟಿನ ಹೊಸ ಸೆಲ್ಲೊಂದನ್ನು ಅಳೆದರೆ, ಗುಣಕವನ್ನು ತಕ್ಕಂತೆ ಬದಲಿಸಿದಾಗ 1ಎಕ್ಸ್, 10ಎಕ್ಸ್ ಎರಡು ಸ್ಥಾನಗಳಲ್ಲಿಯೂ ಅದೇ 1.5 ತೋರಬೇಕು. ಪ್ರವೇಶದ್ವಾರದ ಬಳಿ ಸೋರಿಕೆಯುಂಟಾಗಿ ರೋಧವು 100 ಕಿಲೋಓಮಿಗೆ ಕುಸಿದಿದೆಯೆನ್ನಿ: 1ಎಕ್ಸ್‌ನಲ್ಲಿ ಸೆಲ್ಲು ಆ ಭಾರವನ್ನು ಲೆಕ್ಕಿಸದೆ 1.5 ವೋಲ್ಟನ್ನೇ ಕೊಡುವುದರಿಂದ ಎಲ್ಲವೂ ಸರಿಯೆನಿಸುವುದು. 10ಎಕ್ಸ್‌ನಲ್ಲಿಯಾದರೋ ತೆರೆಯ ಮೇಲೆ ಸುಮಾರು 0.16 ವೋಲ್ಟ್ ಮಾತ್ರ ಕಾಣುವುದು. ಎರಡು ಸ್ಥಾನಗಳಲ್ಲಿಯೂ ಒಂದೇ ಪ್ರಮಾಣದ ತಪ್ಪಿದ್ದರೆ ದೋಷವನ್ನು ಇನ್ನೂ ಒಳಗೆ, ರಕ್ಷಕ ಡಯೋಡು, ವರ್ಧಕಗಳ ಬಳಿ ಹುಡುಕಬೇಕು. ಪ್ರೋಬಿನ ತುದಿಯನ್ನು ಅದರದೇ ಗ್ರೌಂಡ್ ಕ್ಲಿಪ್ಪಿಗೆ ಸೇರಿಸಿದರೂ ರೇಖೆಯು ಸೊನ್ನೆಗೆ ಇಳಿಯದೆ ತೆರೆಯ ಅಂಚಿಗೇ ಅಂಟಿಕೊಂಡಿದ್ದರೆ, ವರ್ಧಕದ ಮೇಲೆ ಸಂಶಯ ಬಲವಾಗುತ್ತದೆ.

ಪೆಟ್ಟಿಗೆಯನ್ನು ತೆರೆಯುವ ಮುನ್ನ ಯುಎಸ್‌ಬಿ ತಂತಿಯನ್ನೂ ಪ್ರೋಬುಗಳನ್ನೂ ಕಳಚಬೇಕು. ಪದೇಪದೇ ತಿರುಚಿದುದರಿಂದ ಬಿಎನ್‌ಸಿ ಕನೆಕ್ಟರಿನ ನಡುಪಿನ್ನಿನ ಬೆಸುಗೆ, ಕೂದಲೆಳೆಯಷ್ಟು ಸಣ್ಣ ಉಂಗುರಾಕಾರದ ಬಿರುಕು ಬಿಟ್ಟಿರುವುದುಂಟು. ಭೂತಗನ್ನಡಿಯಿಲ್ಲದೆ ಅದು ಕಾಣದು. ಬಳಿಕ ಎರಡು ಚಾನಲುಗಳ ಅನುರೂಪ ಬಿಂದುಗಳನ್ನು ಮಲ್ಟಿಮೀಟರಿನಿಂದ ಒಂದೊಂದಾಗಿ ಅಳೆದು ಹೋಲಿಸುತ್ತ ಹೋದರೆ, ಅಂಕೆಗಳು ಎಲ್ಲಿ ಬೇರೆಯಾಗುವುವೋ ಅದರ ಆಸುಪಾಸಿನಲ್ಲಿಯೇ ಅಪರಾಧಿಯಿರುವ ಸಂಭವ ಹೆಚ್ಚು.

ಚಾನಲು ಏಕೆ ಕೆಟ್ಟಿತೆಂಬುದನ್ನೂ ವಿಚಾರಿಸಲೇಬೇಕು. ಗ್ರೌಂಡ್ ಕ್ಲಿಪ್ಪು ಸಾಮಾನ್ಯವಾಗಿ ಕಂಪ್ಯೂಟರಿನ ಗ್ರೌಂಡಿಗೇ ಸೇರಿರುವುದರಿಂದ, ಮನೆಯ 230 ವೋಲ್ಟಿನ ಮಾರ್ಗಕ್ಕೆ ಅದನ್ನು ತಗುಲಿಸಿದರೆ ಉಪಕರಣಕ್ಕೂ ಕಂಪ್ಯೂಟರಿಗೂ ಹಾನಿಯಾಗುವುದಲ್ಲದೆ, ಪ್ರಾಣಕ್ಕೇ ಅಪಾಯವಿದೆ. ಅಂತಹ ಅಳತೆಗೆ ತಕ್ಕ ವಿದ್ಯುತ್ ಪ್ರತ್ಯೇಕತೆಯುಳ್ಳ ಡಿಫರೆನ್ಷಿಯಲ್ ಪ್ರೋಬು ಅವಶ್ಯಕ. ಕೆಟ್ಟ ಘಟಕವನ್ನು ಬದಲಿಸಿದ ಮೇಲೆ ಚಾನಲಿನ ಧಾರಕತೆಯು ಸ್ವಲ್ಪ ವ್ಯತ್ಯಾಸವಾಗಿರಬಹುದಾದುದರಿಂದ, 10ಎಕ್ಸ್ ಪ್ರೋಬನ್ನು ಉಪಕರಣದ 1 ಕಿಲೋಹರ್ಟ್ಸ್ ಚೌಕತರಂಗಕ್ಕೆ ಸೇರಿಸಿ, ಅಲೆಯ ಮೂಲೆಗಳು ದುಂಡಾಗದೆ, ಮೇಲಕ್ಕೂ ಚಿಮ್ಮದೆ ನೇರವಾಗಿ ನಿಲ್ಲುವವರೆಗೆ ಪ್ರೋಬಿನ ಪುಟ್ಟ ಟ್ರಿಮ್ಮರ್ ತಿರುಪನ್ನು ಹೊಂದಿಸಬೇಕು.