ಸ್ಟೀರಿಂಗ್ ಕಿತ್ತು ಚಾಲೂ ಮಾಡುವ ಟ್ರ್ಯಾಕ್ಟರ್!

ಈ ಟ್ರ್ಯಾಕ್ಟರನ್ನು ಚಾಲೂ ಮಾಡಬೇಕಾದರೆ ಮೊದಲು ಅದರ ಸ್ಟೀರಿಂಗನ್ನು ಕೀಳಬೇಕು! ತಮಾಷೆಯಲ್ಲ. ಉದ್ದನೆಯ ಸರಳಿನ ಸಮೇತ ಎಳೆದರೆ ಸ್ಟೀರಿಂಗ್ ಚಕ್ರ ಕೈಗೇ ಬಂದುಬಿಡುತ್ತದೆ. ಅದನ್ನು ಹಿಡಿದು ಕೆಳಗಿಳಿದು, ಪಕ್ಕದಲ್ಲಿರುವ ಭಾರಿ ಫ್ಲೈವೀಲಿನ ನಟ್ಟನಡುವೆ ಸಿಕ್ಕಿಸಿ, ಒಮ್ಮೆ ಆಚೆ ಒಮ್ಮೆ ಈಚೆ ತೂಗಬೇಕು. ಅದಕ್ಕೂ ಮುಂಚೆ ಎಂಜಿನ್ನಿನ ಮೂತಿಗೆ ಬ್ಲೋ ಲ್ಯಾಂಪ್ ಹಚ್ಚಿ, ಅಲ್ಲಿರುವ ಎರಕದ ಬುರುಡೆ ಕೆಂಪಗೆ ಕಾಯುವ ತನಕ ತಾಳ್ಮೆಯಿಂದ ನಿಂತಿರಬೇಕು. ಕಾದ ಮೇಲೆ ಒಂದಿಷ್ಟು ಎಣ್ಣೆ, ಒಂದು ತೂಗು, ಇನ್ನೊಂದು ತೂಗು... ಢಂ! ಚಿಮಣಿಯಿಂದ ಹೊಗೆ ಉಂಗುರ ಉಂಗುರವಾಗಿ ಮೇಲೇಳುತ್ತದೆ. ಟನ್‌ಗಟ್ಟಲೆ ತೂಕದ ಕಬ್ಬಿಣ ನಿಂತಲ್ಲೇ ಕುಣಿಯತೊಡಗುತ್ತದೆ!

ಇದು ಲಾಂಟ್ಸ್ ಬುಲ್‌ಡಾಗ್. ಊರು ಜರ್ಮನಿಯ ಮಾನ್‌ಹೈಮ್. ರೈನ್ ಮತ್ತು ನೆಕಾರ್ ನದಿಗಳು ಕೂಡುವ ಆ ಊರಿನ ನೀರಿನಲ್ಲೇ ಏನೋ ಇರಬೇಕು. 1817ರಲ್ಲಿ ಕಾರ್ಲ್ ಡ್ರೈಸ್ ಸೈಕಲ್ಲಿನ ಪೂರ್ವಜನನ್ನು ಓಡಿಸಿದ್ದು ಅಲ್ಲಿ. 1886ರಲ್ಲಿ ಕಾರ್ಲ್ ಬೆಂಝ್ ತನ್ನ ಮೂರು ಚಕ್ರದ ಮೋಟಾರು ಗಾಡಿಯನ್ನು ಬೀದಿಗಿಳಿಸಿದ್ದೂ ಅಲ್ಲೇ. ಅದೇ ಊರಿನಲ್ಲಿ ಹೈನ್‌ರಿಶ್ ಲಾಂಟ್ಸ್ 1859ರಲ್ಲಿ ಶುರು ಮಾಡಿದ ಕೃಷಿ ಯಂತ್ರಗಳ ವ್ಯಾಪಾರ, ಒಕ್ಕಣೆ ಯಂತ್ರ, ಉಗಿ ಯಂತ್ರಗಳನ್ನು ತಯಾರಿಸುವ ದೊಡ್ಡ ಕಾರ್ಖಾನೆಯಾಗಿ ಬೆಳೆಯಿತು. ಅಲ್ಲಿನ ಎಂಜಿನಿಯರ್ ಫ್ರಿಟ್ಸ್ ಹೂಬರ್ 1921ರಲ್ಲಿ ಲೈಪ್‌ಜಿಗ್‌ನ ಕೃಷಿ ಪ್ರದರ್ಶನದಲ್ಲಿ ಮೊದಲ ಬುಲ್‌ಡಾಗನ್ನು ತಂದು ನಿಲ್ಲಿಸಿದ. ಬರೀ 12 ಅಶ್ವಶಕ್ತಿ! ಮುಂಭಾಗದ ಬುರುಡೆ ನಾಯಿಯ ಮೂತಿಯ ಹಾಗೆ ಕಾಣುತ್ತಿದ್ದುದರಿಂದ ಆ ಹೆಸರು ಬಂತು ಎನ್ನುತ್ತಾರೆ.

ಈ ಯಂತ್ರದ ಬಗ್ಗೆ ಓದುತ್ತ ಹೋದಂತೆ ನನ್ನನ್ನು ಬೆರಗುಗೊಳಿಸಿದ್ದು ಅದರಲ್ಲಿ ಏನಿದೆ ಎಂಬುದಲ್ಲ, ಏನೇನಿಲ್ಲ ಎಂಬುದು. ಬ್ಯಾಟರಿ ಇಲ್ಲ. ಸೆಲ್ಫ್ ಇಲ್ಲ. ಸ್ಪಾರ್ಕ್ ಪ್ಲಗ್ ಇಲ್ಲ, ಕಾರ್ಬ್ಯುರೇಟರ್ ಇಲ್ಲ. ಸಿಲಿಂಡರ್ ತಲೆಯ ಮೇಲೆ ಏರಿಳಿಯುವ ವಾಲ್ವುಗಳಿಲ್ಲ, ಕ್ಯಾಮ್ ಶಾಫ್ಟೂ ಇಲ್ಲ. ಮೊದಲ ಮಾದರಿಯಲ್ಲಂತೂ ರೇಡಿಯೇಟರ್ ಕೂಡ ಇರಲಿಲ್ಲ, ಸಿಲಿಂಡರಿನ ಸುತ್ತ ತುಂಬಿದ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು, ರೈತ ಮತ್ತೆ ನೀರು ಸುರಿಯುತ್ತಿದ್ದ, ಅಷ್ಟೇ. ಅಚ್ಚರಿಯೆಂದರೆ, ಅದರಲ್ಲಿ ರಿವರ್ಸ್ ಗೇರ್ ಸಹ ಇರಲಿಲ್ಲ! ಹಿಂದಕ್ಕೆ ಹೋಗಬೇಕಾದರೆ ಚಾಲಕ ಎಣ್ಣೆ ಕಡಿಮೆ ಮಾಡಿ ಎಂಜಿನ್ ಇನ್ನೇನು ನಿಂತೇಬಿಟ್ಟಿತು ಅನ್ನುವಷ್ಟು ನಿಧಾನ ಮಾಡುತ್ತಿದ್ದ. ಆ ಕ್ಷಣ ನೋಡಿ ಮತ್ತೆ ಎಣ್ಣೆ ಕೊಟ್ಟರೆ, ಏರುತ್ತಿದ್ದ ಪಿಸ್ಟನ್ ಅರ್ಧ ದಾರಿಯಲ್ಲೇ ಒದೆಸಿಕೊಂಡು ಹಿಂದೆ ಸರಿಯುತ್ತಿತ್ತು. ಎಂಜಿನ್ನೇ ಉಲ್ಟಾ ತಿರುಗತೊಡಗುತ್ತಿತ್ತು. ಎಂಥ ಧೈರ್ಯದ ಯೋಚನೆ!

ಇಷ್ಟೆಲ್ಲ ಸಾಧ್ಯವಾದದ್ದು ಆ ಕೆಂಪಗೆ ಕಾದ ಬುರುಡೆಯಿಂದ. ಆ ವಿದ್ಯೆಯ ಮೂಲ ಇಂಗ್ಲೆಂಡಿನ ಹರ್ಬರ್ಟ್ ಅಕ್ರಾಯ್ಡ್ ಸ್ಟುವರ್ಟ್ 1890ರಲ್ಲಿ ಪಡೆದ ಪೇಟೆಂಟಿನಲ್ಲಿದೆ. ರುಡಾಲ್ಫ್ ಡೀಸೆಲ್‌ನ ಎಂಜಿನ್ ಸರಿಯಾಗಿ ಓಡಿದ್ದು ಅದಾದ ಮೇಲೆ, 1897ರಲ್ಲಿ. ಡೀಸೆಲ್ ಎಂಜಿನ್ನು ಗಾಳಿಯನ್ನು ವಿಪರೀತ ಒತ್ತಿ, ಆ ಒತ್ತಡದ ಕಾವಿಗೇ ಎಣ್ಣೆ ಹೊತ್ತಿಸುತ್ತದೆ. ಬುರುಡೆ ಎಂಜಿನ್ನಿಗೆ ಅಷ್ಟು ಒತ್ತಡ ಬೇಕಿಲ್ಲ. ಎಣ್ಣೆ ಹೋಗಿ ಬೀಳುವುದೇ ಕೆಂಡದಂತೆ ಕಾದ ಗೋಡೆಯ ಮೇಲೆ. ಒಮ್ಮೆ ಹತ್ತಿಕೊಂಡರೆ ಸಾಕು, ಪ್ರತಿ ಸ್ಫೋಟವೂ ಮುಂದಿನ ಸ್ಫೋಟಕ್ಕೆ ಬುರುಡೆಯನ್ನು ಕಾಯಿಸಿಟ್ಟಿರುತ್ತದೆ. ಬ್ಲೋ ಲ್ಯಾಂಪನ್ನು ಆರಿಸಿ ಪಕ್ಕಕ್ಕಿಡಬಹುದು. ಹೀಗಾಗಿ ಆ ಎಂಜಿನ್ನಿಗೆ ಎಣ್ಣೆಯ ಬಗ್ಗೆ ಮಡಿವಂತಿಕೆಯೇ ಇರಲಿಲ್ಲ. ಕಚ್ಚಾ ತೈಲ, ಟಾರೆಣ್ಣೆ, ಗಾಡಿಯಿಂದ ಇಳಿಸಿದ ಹಳೇ ಎಂಜಿನ್ ಆಯಿಲ್, ಸಸ್ಯಜನ್ಯ ಎಣ್ಣೆ, ಏನು ಕೊಟ್ಟರೂ ಉರಿಸಿಕೊಂಡು ಹೊಲ ಉಳುತ್ತಿತ್ತು!

ಮುಂದೆ ಬಂದ ದೊಡ್ಡ ಬುಲ್‌ಡಾಗುಗಳ ಅಳತೆ ನೋಡಿ. ಸಿಲಿಂಡರಿನ ಬೋರ್ 225 ಮಿಲಿಮೀಟರ್, ಅಂದರೆ ಮುಕ್ಕಾಲು ಅಡಿ ಅಗಲದ ಒಂದೇ ಒಂದು ಪಿಸ್ಟನ್. ಅದರ ಓಡಾಟ 260 ಮಿಲಿಮೀಟರ್. ಒಟ್ಟು 10.3 ಲೀಟರ್! ಇವತ್ತು ನಮ್ಮ ಹೊಲಗಳಲ್ಲಿ ಓಡಾಡುವ 45 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಮೂರು ಸಿಲಿಂಡರ್ ಸೇರಿ ಸುಮಾರು ಮೂರು ಲೀಟರ್ ಇರುತ್ತದೆ. ಅದೇ 45 ಅಶ್ವಶಕ್ತಿಯನ್ನು ಬುಲ್‌ಡಾಗ್ ನಿಮಿಷಕ್ಕೆ ಕೇವಲ 630 ಸುತ್ತಿನಲ್ಲಿ ಕೊಡುತ್ತಿತ್ತು. ಒಂದೊಂದು ಸ್ಫೋಟವನ್ನೂ ಬೇರೆಬೇರೆಯಾಗಿ ಎಣಿಸಬಹುದಾದಷ್ಟು ನಿಧಾನದಲ್ಲಿ ಐಡ್ಲಿಂಗ್. ನಮ್ಮ ಕಡೆಯ ಹಳೇ ಹಿಟ್ಟಿನ ಗಿರಣಿಯ ಆಯಿಲ್ ಎಂಜಿನ್ ಸದ್ದು ಕೇಳಿ ಬೆಳೆದವರಿಗೆ ಆ ಲಯ ತಟ್ಟನೆ ಗುರುತು ಸಿಗುತ್ತದೆ.

ಸರಿ, ಇಂಥದೊಂದು ಯಂತ್ರ ದಶಕಗಳ ಕಾಲ ಬಯಲಲ್ಲಿ ಮಳೆ, ಹಿಮಕ್ಕೆ ಮೈಯೊಡ್ಡಿ ಬಿದ್ದಿದ್ದರೆ? ಚಕ್ರ ಅರ್ಧ ಮಣ್ಣಿನಲ್ಲಿ ಹೂತು, ಒಡಲೊಳಗೆ ಗಿಡ ಬೆಳೆದಿದ್ದರೆ? ನಿಜವಾದ ವಿಸ್ಮಯ ಶುರುವಾಗುವುದೇ ಇಲ್ಲಿ. ಅಂಥ ಸ್ಥಿತಿಯಿಂದಲೂ ಇದನ್ನು ಬದುಕಿಸಬಹುದು, ಬದುಕಿಸುತ್ತಿದ್ದಾರೆ! ಇಲ್ಲದ ಭಾಗ ಕೆಡುವುದಿಲ್ಲ. ಕರಗಿಹೋಗುವ ವೈರಿಂಗ್ ಇಲ್ಲ, ಸುಟ್ಟುಹೋಗುವ ಕಾಯಿಲ್ ಇಲ್ಲ. ಇರುವುದು ದಪ್ಪ ಎರಕದ ಕಬ್ಬಿಣ, ಉಕ್ಕು, ಒಂದಿಷ್ಟು ತಾಮ್ರ. ಕಬ್ಬಿಣ ತುಕ್ಕು ಹಿಡಿಯುತ್ತದೆ ನಿಜ, ಆದರೆ ಅಷ್ಟು ದಪ್ಪದ ಕಬ್ಬಿಣವನ್ನು ತಿಂದು ಮುಗಿಸಲು ತುಕ್ಕಿಗೆ ಒಂದು ಆಯುಷ್ಯ ಸಾಲದು.

ಮೊದಲ ಕಂಟಕ, ಸೀಜ್ ಆದ ಪಿಸ್ಟನ್. ಚಿಮಣಿಯ ಬಾಯಿ ತೆರೆದೇ ಇರುತ್ತದೆ. ಮಳೆ ನೀರು ಅದರೊಳಗಿಂದ ಇಳಿದು, ಹೊಗೆಯ ಕಿಂಡಿ ದಾಟಿ, ಸಿಲಿಂಡರಿನೊಳಗೇ ನಿಲ್ಲುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಪಿಸ್ಟನ್ ರಿಂಗಿಗೂ ಸಿಲಿಂಡರ್ ಗೋಡೆಗೂ ನಡುವೆ ಕೂದಲೆಳೆಯಷ್ಟೂ ಇರದ ಸಂದಿಯಲ್ಲಿ ಆ ತುಕ್ಕು ಉಬ್ಬಿಕೊಂಡು, ಎರಡನ್ನೂ ಒಂದೇ ಲೋಹ ಎಂಬಂತೆ ಬೆಸೆದುಬಿಡುತ್ತದೆ. ಸುತ್ತಿಗೆಯಿಂದ ಬಡಿಯುವ ಆಸೆ ಯಾರಿಗಾದರೂ ಆಗುತ್ತದೆ. ಬಡಿದರೆ ಪಿಸ್ಟನ್ ಒಡೆಯುತ್ತದೆ, ಕಥೆ ಮುಗಿಯಿತು. ತಿಳಿದವರು ಮಾಡುವುದೇ ಬೇರೆ. ಬುರುಡೆ ಬಿಚ್ಚಿ, ಒಳಗೆ ಡೀಸೆಲ್ಲಿಗೆ ತೆಳು ಎಣ್ಣೆ ಬೆರೆಸಿ ತುಂಬಿ ಸುಮ್ಮನೆ ಬಿಡುತ್ತಾರೆ. ದಿನಗಳು ಕಳೆಯುತ್ತವೆ, ವಾರಗಳು ಕಳೆಯುತ್ತವೆ. ಒಂದು ಬೆಳಗ್ಗೆ ನೋಡಿದರೆ ಎಣ್ಣೆಯ ಮಟ್ಟ ಸ್ವಲ್ಪ ಇಳಿದಿರುತ್ತದೆ. ಅದೇ ಶುಭ ಸೂಚನೆ! ಎಣ್ಣೆ ದಾರಿ ಹುಡುಕಿಕೊಂಡಿದೆ, ತುಕ್ಕಿನೊಳಗೆ ಇಳಿಯುತ್ತಿದೆ. ಆಮೇಲೆ ಸಿಲಿಂಡರನ್ನು ಹೊರಗಿನಿಂದ ಹದವಾಗಿ ಬಿಸಿ ಮಾಡಿ, ಫ್ಲೈವೀಲಿಗೆ ಉದ್ದನೆಯ ಹಾರೆ ಕೊಟ್ಟು, ಎಳೆದೂ ಎಳೆಯದಂತೆ ಆ ಕಡೆ ಈ ಕಡೆ ಒತ್ತುತ್ತಾರೆ. ಮೊದಲು ನೂಲಿನಷ್ಟು ಅಲುಗಾಟ. ಮತ್ತೆ ಎಣ್ಣೆ, ಮತ್ತೆ ಕಾಯುವುದು. ಕೊನೆಗೊಮ್ಮೆ ಆ ಮುಕ್ಕಾಲಡಿ ಪಿಸ್ಟನ್ ಕರಕರ ಸದ್ದು ಮಾಡುತ್ತ ಸರಿಯುತ್ತದೆಯಲ್ಲ, ಅದನ್ನು ಕಂಡವರು ಜನ್ಮದಲ್ಲಿ ಮರೆಯಲಿಕ್ಕಿಲ್ಲ.

ಎರಡನೆಯ ಶತ್ರು ಚಳಿ. ಜರ್ಮನಿಯ ಚಳಿಗಾಲದಲ್ಲಿ ರಾತ್ರಿ ನೀರು ಖಾಲಿ ಮಾಡದೆ ಬಿಟ್ಟ ಎಂಜಿನ್ನಿನೊಳಗೆ ನೀರು ಹೆಪ್ಪುಗಟ್ಟಿ, ಹಿಗ್ಗಿ, ಇಷ್ಟು ದಪ್ಪದ ಎರಕವನ್ನೇ ಸೀಳಿಬಿಡುತ್ತದೆ. ಎರಕದ ಕಬ್ಬಿಣಕ್ಕೆ ಸಾದಾ ವೆಲ್ಡಿಂಗ್ ಹಿಡಿಯದು, ತಣ್ಣಗಾಗುವಾಗ ಪಕ್ಕದಲ್ಲೇ ಮತ್ತೆ ಬಿರುಕು ಬಿಡುತ್ತದೆ. ಅದಕ್ಕೆ ಬಿರುಕಿನುದ್ದಕ್ಕೂ ಸಾಲಾಗಿ ತೂತು ಕೊರೆದು, ತಿರುಪು ಇರುವ ಲೋಹದ ಮೊಳೆಗಳನ್ನು ಒಂದರ ಅಂಚನ್ನು ಇನ್ನೊಂದು ಕಚ್ಚುವಂತೆ ತಿರುಗಿಸಿ ಕೂರಿಸುತ್ತಾರೆ. ಕಬ್ಬಿಣಕ್ಕೆ ಹೊಲಿಗೆ! ಬೆಂಕಿಯೇ ಇಲ್ಲದ ಈ ರಿಪೇರಿಯನ್ನು ತಿಕ್ಕಿ ನಯ ಮಾಡಿದ ಮೇಲೆ ಬಿರುಕು ಎಲ್ಲಿತ್ತೆಂದು ಬೆರಳಿಗೂ ತಿಳಿಯುವುದಿಲ್ಲ.

ಇನ್ನು ಸಣ್ಣ ಕೊಳವೆಗಳ ವಿಷಯ. ಹೊಸಬರು ಎಡವುವುದು ಇಲ್ಲೇ. ಒಂದು ಪುಟ್ಟ ಪಂಪು ಬೇರಿಂಗುಗಳಿಗೆ, ಸಿಲಿಂಡರಿಗೆ, ತೆಳು ಕೊಳವೆಗಳ ಮೂಲಕ ಹನಿ ಹನಿಯಾಗಿ ಎಣ್ಣೆ ಕಳಿಸುತ್ತದೆ. ಹಳೆಯ ಎಣ್ಣೆ ಆ ಕೊಳವೆಗಳಲ್ಲಿ ಅಂಟಾಗಿ, ಮೇಣವಾಗಿ ಕೂತಿರುತ್ತದೆ. ಹೊರಗೆ ಎಲ್ಲ ಫಳಫಳ, ಒಳಗೆ ಒಂದು ಕೊಳವೆ ಕಟ್ಟಿಕೊಂಡಿದ್ದರೂ ಆ ಬೇರಿಂಗ್ ಕಥೆ ಅಷ್ಟೇ. ಒಂದೊಂದನ್ನೂ ಬಿಚ್ಚಿ, ಸೀಮೆಎಣ್ಣೆ ಹಾಯಿಸಿ, ಇನ್ನೊಂದು ತುದಿಯಲ್ಲಿ ಹನಿ ಬೀಳುವುದನ್ನು ಕಣ್ಣಾರೆ ನೋಡಬೇಕು. ಗಾಳಿಯ ವಿಷಯದಲ್ಲೂ ಇದೇ ಎಚ್ಚರ. ಈ ಎರಡು ಸ್ಟ್ರೋಕ್ ಎಂಜಿನ್ ಗಾಳಿ ಎಳೆದುಕೊಳ್ಳುವುದೇ ಕ್ರ್ಯಾಂಕ್ ಪೆಟ್ಟಿಗೆಯೊಳಗಿಂದ. ಅಲ್ಲೊಂದು ಸೀಲ್ ಸೋರಿದರೆ ಅದಕ್ಕೆ ಉಸಿರೇ ಸಾಲದು.

ಬಣ್ಣದ ಮಾತಿಗೆ ಬಂದರೆ ನಾನು ಪಕ್ಷ ವಹಿಸಿಯೇ ಮಾತಾಡುತ್ತೇನೆ. ದಶಕಗಳ ಗ್ರೀಸು, ಮಣ್ಣು ಕೆರೆದಾಗ ಕೆಲವೊಮ್ಮೆ ಅಡಿಯಲ್ಲಿ ಕಾರ್ಖಾನೆಯ ಮೂಲ ಬೂದು-ನೀಲಿ ಬಣ್ಣ ಇಣುಕುತ್ತದೆ. ಗ್ರೀಸೇ ಅದನ್ನು ಇಷ್ಟು ವರ್ಷ ಕಾಪಾಡಿರುತ್ತದೆ! ಅದನ್ನು ಮರಳು ಹೊಡೆದು ಕಿತ್ತು, ಹೊಸ ಬಣ್ಣ ಬಳಿದು ಮದುಮಗನ ಹಾಗೆ ನಿಲ್ಲಿಸುವುದು ನನಗೆ ಒಪ್ಪಿಗೆಯಾಗದು. ಆ ಗೀರುಗಳು, ಚಾಲಕನ ಬೂಟು ಸವೆಸಿದ ಕಟ್ಟೆ, ಇವೆಲ್ಲ ಆ ಯಂತ್ರ ದುಡಿದದ್ದಕ್ಕೆ ಉಳಿದ ಸಾಕ್ಷಿ. ಎಂಜಿನ್ನನ್ನು ಹೊಸದರಂತೆ ಮಾಡಿ, ಮೈಯನ್ನು ಇದ್ದಂತೆ ಬಿಡಿ. ಅದರಲ್ಲೂ 1923ರ ಎಚ್‌ಪಿ ಮಾದರಿಯಂಥದ್ದು ಸಿಕ್ಕರೆ ಒಂದು ಬೋಲ್ಟನ್ನೂ ಎಸೆಯಬಾರದು. ನಾಲ್ಕೂ ಚಕ್ರಕ್ಕೆ ಶಕ್ತಿ, ನಡು ಮಧ್ಯದಲ್ಲೇ ಬಳುಕಿ ತಿರುಗುವ ಚೌಕಟ್ಟು, ಅದೂ ನೂರು ವರ್ಷದ ಹಿಂದೆ! ಅಂಥವು ಬಲು ಅಪರೂಪ.

ಬುಲ್‌ಡಾಗ್ ಜಗತ್ತನ್ನೇ ಸುತ್ತಿದೆ. ಪೋಲೆಂಡಿನಲ್ಲಿ ಉರ್ಸುಸ್ ಸಿ-45, ಆಸ್ಟ್ರೇಲಿಯದಲ್ಲಿ ಕೆ.ಎಲ್. ಬುಲ್‌ಡಾಗ್, ಅರ್ಜೆಂಟೀನದಲ್ಲಿ ಪಾಂಪಾ, ಎಲ್ಲ ಇದರ ಅಚ್ಚಿನವೇ. 1956ರಲ್ಲಿ ಅಮೆರಿಕದ ಜಾನ್ ಡೀರ್ ಕಂಪನಿ ಲಾಂಟ್ಸನ್ನು ಕೊಂಡಿತು. 1960ಕ್ಕೆ ಬುಲ್‌ಡಾಗಿನ ಕಾಲ ಮುಗಿಯಿತು. ಆದರೆ ಮಾನ್‌ಹೈಮ್‌ನಲ್ಲಿ ಇಂದಿಗೂ ಟ್ರ್ಯಾಕ್ಟರುಗಳು ತಯಾರಾಗುತ್ತಿವೆ. ಅದೇ ಕಂಪನಿ ಪುಣೆ ಬಳಿ ತಯಾರಿಸುವ ಹಸಿರು-ಹಳದಿ ಟ್ರ್ಯಾಕ್ಟರುಗಳು ನಮ್ಮ ಹಾವೇರಿ, ಬೆಳಗಾವಿ, ರಾಯಚೂರಿನ ಹೊಲಗಳಲ್ಲಿ ಓಡುತ್ತಿವೆ. ಜರ್ಮನಿಯಲ್ಲಿ ನೆಲೆಸಿರುವ ಕನ್ನಡಿಗರು ಮಾನ್‌ಹೈಮ್‌ನ ಟೆಕ್ನೋಜಿಯಂ, ಅಲ್ಲಿಂದ ಹೆಚ್ಚು ದೂರವಿಲ್ಲದ ಜಿನ್ಸ್‌ಹೈಮ್ ವಸ್ತುಸಂಗ್ರಹಾಲಯ, ಸ್ಟುಟ್‌ಗಾರ್ಟ್‌ನ ಹೋಹೆನ್‌ಹೈಮ್ ಕೃಷಿ ವಸ್ತುಸಂಗ್ರಹಾಲಯಗಳನ್ನು ಮಕ್ಕಳ ಜೊತೆ ನೋಡಿ ಬರಬೇಕು. ಬೇಸಿಗೆಯಲ್ಲಿ ಅಲ್ಲಿನ ಹಳ್ಳಿಗಳಲ್ಲಿ ಹಳೇ ಟ್ರ್ಯಾಕ್ಟರುಗಳ ಜಾತ್ರೆಯೇ ನಡೆಯುತ್ತದೆ, ಬ್ಲೋ ಲ್ಯಾಂಪ್ ಹಚ್ಚಿ ಚಾಲೂ ಮಾಡುವುದನ್ನು ಮಾರು ದೂರದಲ್ಲಿ ನಿಂತು ನೋಡಬಹುದು.

ಊರಲ್ಲಿರುವವರಿಗೆ ನನ್ನದೊಂದು ವಿನಂತಿ. ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿದ ಎಚ್‌ಎಂಟಿ, ಝೆಟರ್ ಕಂಪನಿಯ ತಂತ್ರಜ್ಞಾನದಿಂದ 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಟ್ರ್ಯಾಕ್ಟರ್ ತಯಾರಿಸಲು ಶುರು ಮಾಡಿತು. ಆ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಅಂದರೆ ನಿಮ್ಮ ಹಿತ್ತಲಲ್ಲಿ, ದನದ ಕೊಟ್ಟಿಗೆಯ ಹಿಂದೆ ನಿಂತಿರುವ ಅಜ್ಜನ ಕಾಲದ ಎಚ್‌ಎಂಟಿ ಇನ್ನು ಮುಂದೆ ಹೊಸದಾಗಿ ಹುಟ್ಟುವುದಿಲ್ಲ. ಗುಜರಿಯವರನ್ನು ಕರೆಯುವ ಮುಂಚೆ ಒಮ್ಮೆ ಯೋಚಿಸಿ. ಸೈಲೆನ್ಸರ್ ಬಾಯಿಗೆ ಇವತ್ತೇ ಒಂದು ಡಬ್ಬಿ ಕವುಚಿ. ಇಂಜೆಕ್ಟರ್ ಬಿಚ್ಚಿಸಿ ಒಂದೊಂದು ಸಿಲಿಂಡರಿಗೂ ಸ್ವಲ್ಪ ಎಣ್ಣೆ ಬಿಡಿಸಿ. ರೇಡಿಯೇಟರಿನ ನೀರು ಖಾಲಿ ಮಾಡಿ. ನಂಬರ್ ತಗಡು ಇದ್ದರೆ ಅದನ್ನು ಮಾತ್ರ ಯಾರಿಗೂ ಕೀಳಲು ಬಿಡಬೇಡಿ.