ಸೆಕೆಂಡ್ ಹ್ಯಾಂಡ್ ಖಗೋಳ ಕ್ಯಾಮೆರಾ: ಯಾವ ದೋಷಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

ಮಸ್ಕತ್‌ನಲ್ಲಿರೋ ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ನೆಬ್ಯುಲಾ, ಗ್ಯಾಲಕ್ಸಿಗಳ ಫೋಟೋ ತೆಗೆಯೋಕೆ ಅಂತಲೇ ಮಾಡಿದ ಕೂಲ್ಡ್ ಕ್ಯಾಮೆರಾ ಒಂದು ಅವರಿಗೆ ಅರ್ಧ ಬೆಲೆಗೆ ಸಿಗ್ತಾ ಇದೆ. ಮಾರುವವರು ಇರೋದು ಯುರೋಪಿನಲ್ಲಿ. "ಸೆನ್ಸರ್‌ನಲ್ಲಿ ಸಣ್ಣಪುಟ್ಟ ದೋಷಗಳಿವೆ" ಅಂತ ಮೊದಲೇ ಹೇಳಿದ್ದಾರೆ. ತಗೊಳ್ಳಬಹುದಾ?

ನಾನು ಜೀವವಿಜ್ಞಾನಿ. ಆದರೆ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿಗೆ ಜೋಡಿಸೋ ಕ್ಯಾಮೆರಾಗಳೂ ಇದೇ ಕುಲದವು. ಜೀವಕೋಶದೊಳಗಿನ ಮಂದ ಬೆಳಕು, ದೂರದ ಗ್ಯಾಲಕ್ಸಿಯ ಮಂದ ಬೆಳಕು, ಎರಡಕ್ಕೂ ಸೆನ್ಸರ್‌ನ ಕಷ್ಟ ಒಂದೇ. ಹಾಗಾಗಿ ಈ ಪ್ರಶ್ನೆಗೆ ಉತ್ತರ ಹೇಳೋ ಧೈರ್ಯ ಮಾಡ್ತೀನಿ.

ಮೊದಲು ಒಂದು ತಕ್ಕಡಿ ನೆನಪಿಸಿಕೊಳ್ಳಿ. ಅಂಗಡಿಯ ತಕ್ಕಡಿ ಖಾಲಿ ಇದ್ದಾಗಲೂ 50 ಗ್ರಾಂ ತೋರಿಸುತ್ತೆ ಅಂದುಕೊಳ್ಳಿ. ಪ್ರತಿ ಸಲ ಅದೇ 50 ಗ್ರಾಂ ಆದರೆ ತೊಂದರೆ ಇಲ್ಲ, ಕಳೆದುಬಿಟ್ಟರಾಯ್ತು. ಒಮ್ಮೆ 20, ಒಮ್ಮೆ 90 ತೋರಿಸಿದರೆ ಮಾತ್ರ ಆ ತಕ್ಕಡಿಯನ್ನ ನಂಬೋಕಾಗಲ್ಲ. ಹಳೆ ಕ್ಯಾಮೆರಾ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಇದೇ: ದೋಷ ಇದ್ದ ಹಾಗೇ ಇರುತ್ತಾ, ಬದಲಾಗ್ತಾ ಇರುತ್ತಾ?

ಈಗ ಸೆನ್ಸರ್ ಒಳಗೆ ಹೋಗೋಣ. ಬೆಳಕು ಬಿದ್ದಾಗ ಪ್ರತಿ ಪಿಕ್ಸೆಲ್‌ನಲ್ಲೂ ಎಲೆಕ್ಟ್ರಾನ್‌ಗಳು ಸೇರ್ತವೆ. ಬೆಳಕೇ ಇಲ್ಲದಿದ್ದರೂ ಸಿಲಿಕಾನ್‌ನ ಬಿಸಿಗೆ ಒಂದಷ್ಟು ಎಲೆಕ್ಟ್ರಾನ್‌ಗಳು ಬಿಡುಗಡೆ ಆಗ್ತವೆ. ಇದಕ್ಕೆ ಡಾರ್ಕ್ ಕರೆಂಟ್ ಅಂತಾರೆ. ಸಿಲಿಕಾನ್ ಹರಳಿನಲ್ಲಿ ಎಲ್ಲೋ ಒಂದು ಕೊರತೆ ಇದ್ದರೆ ಆ ಜಾಗದಲ್ಲಿ ಈ ಸೋರಿಕೆ ಹೆಚ್ಚು, ಫೋಟೋದಲ್ಲಿ ಅಲ್ಲೊಂದು ಹೊಳೆಯೋ ಚುಕ್ಕೆ. ಅದೇ ಹಾಟ್ ಪಿಕ್ಸೆಲ್. ಉಷ್ಣಾಂಶ ಸುಮಾರು 6 ಡಿಗ್ರಿ ಏರಿದರೆ ಡಾರ್ಕ್ ಕರೆಂಟ್ ಎರಡರಷ್ಟಾಗುತ್ತೆ. ಸೆನ್ಸರನ್ನ 20 ಡಿಗ್ರಿಯಿಂದ ಮೈನಸ್ 10ಕ್ಕೆ ಇಳಿಸಿದರೆ ಸುಮಾರು 32 ಪಟ್ಟು ಕಡಿಮೆ. ಇಂಥ ಕ್ಯಾಮೆರಾಗಳಿಗೆ ಕೂಲರ್ ಇರೋದು ಇದಕ್ಕೇ.

ಹಾಟ್ ಪಿಕ್ಸೆಲ್ ಎಷ್ಟಿವೆ ಅಂತ ಎಣಿಸಿ ಗಾಬರಿ ಆಗಬೇಡಿ. 16 ಮೆಗಾಪಿಕ್ಸೆಲ್ ಸೆನ್ಸರ್‌ನಲ್ಲಿ 10,000ಕ್ಕೆ ಒಂದು ಅಂದ್ರೂ 1,600 ಚುಕ್ಕೆ ಆಯ್ತು. ಹೊಸ ಕ್ಯಾಮೆರಾಗಳಲ್ಲೂ ಇವು ಇರ್ತವೆ. ಹಬಲ್ ಟೆಲಿಸ್ಕೋಪಿಗೂ ಈ ಕಾಟ ತಪ್ಪಿಲ್ಲ. ಬಾಹ್ಯಾಕಾಶದ ವಿಕಿರಣ ಬಡಿದು ಅಲ್ಲಿ ಹೊಸ ಹಾಟ್ ಪಿಕ್ಸೆಲ್‌ಗಳು ಹುಟ್ಟುತ್ತಲೇ ಇರ್ತವೆ. ಅದಕ್ಕೇ ಸುಮಾರು ಮೈನಸ್ 80 ಡಿಗ್ರಿಯಲ್ಲಿರೋ ಸಿಸಿಡಿ ಸೆನ್ಸರ್‌ಗಳನ್ನ ತಿಂಗಳಿಗೊಮ್ಮೆ ಬೆಚ್ಚಗೆ ಮಾಡಿ, ಮತ್ತೆ ತಂಪು ಮಾಡ್ತಾರೆ. ಹೀಗೆ ಮಾಡಿದಾಗ ಬಹಳಷ್ಟು ಪಿಕ್ಸೆಲ್‌ಗಳು ಸರಿಹೋಗ್ತವೆ. ಉಳಿದವಕ್ಕೆ ಲೆಕ್ಕಾಚಾರವೇ ಮದ್ದು.

ಆ ಲೆಕ್ಕಾಚಾರ ನಾವೂ ಮಾಡಬಹುದು. ಟೆಲಿಸ್ಕೋಪಿನ ಮುಚ್ಚಳ ಹಾಕಿ, ಅದೇ ಉಷ್ಣಾಂಶ, ಅದೇ ಗೇನ್, ಅದೇ ಅವಧಿಯಲ್ಲಿ 20-30 ಕಪ್ಪು ಚಿತ್ರ ತೆಗೀರಿ. ಇವು ಡಾರ್ಕ್ ಫ್ರೇಮ್‌ಗಳು. ಇವುಗಳ ಸರಾಸರಿಯನ್ನ ಆಕಾಶದ ಚಿತ್ರದಿಂದ ಕಳೆದರೆ ಹಾಟ್ ಪಿಕ್ಸೆಲ್‌ಗಳ ಬಹುಪಾಲು ಹೋಗುತ್ತೆ. ಉದ್ದ ಎಕ್ಸ್‌ಪೋಷರ್‌ನಲ್ಲಿ ಕೆಲವು ಸೆನ್ಸರ್‌ಗಳ ಅಂಚಿನಲ್ಲಿ ಕಾಣೋ ಹೊಳಪು, ಅಂದ್ರೆ ಆಂಪ್ ಗ್ಲೋ, ಅದೂ ಹೋಗುತ್ತೆ. ಹೆಸರಾಂತ ಎಎಸ್‌ಐ1600 ಕ್ಯಾಮೆರಾದಲ್ಲೇ ಈ ಹೊಳಪು ಇದೆ. ಆದರೂ ಅದರಿಂದ ಒಳ್ಳೊಳ್ಳೆ ಚಿತ್ರಗಳು ಬಂದಿವೆ.

ಆದರೆ ಕಳೆಯುವ ಲೆಕ್ಕಕ್ಕೂ ಒಂದು ಮಿತಿ ಇದೆ. ಕಳೆದಾಗ ಹೋಗೋದು ಸರಾಸರಿ ಮಾತ್ರ. ಒಂದು ಪಿಕ್ಸೆಲ್‌ನಲ್ಲಿ 400 ಎಲೆಕ್ಟ್ರಾನ್ ಸೋರಿದ್ದರೆ, ಅದರ ವರ್ಗಮೂಲದಷ್ಟು, ಅಂದ್ರೆ ಸುಮಾರು 20 ಎಲೆಕ್ಟ್ರಾನ್‌ಗಳ ಏರಿಳಿತ ಉಳಿದೇ ಉಳಿಯುತ್ತೆ. ಪೂರ್ತಿ ತುಂಬಿ ತುಳುಕಿದ ಪಿಕ್ಸೆಲ್‌ನಲ್ಲಂತೂ ಕಳೆದ ಮೇಲೆ ಉಳಿಯೋ ಮಾಹಿತಿ ಏನೂ ಇಲ್ಲ. ಇನ್ನು ಕೆಲವು ಪಿಕ್ಸೆಲ್‌ಗಳು ಹಾಳಾದ ಟ್ಯೂಬ್‌ಲೈಟ್ ಥರ ಮಿನುಗ್ತಾ ಇರ್ತವೆ.

ಇವಕ್ಕೆಲ್ಲ ಉಪಾಯ ಡಿದರಿಂಗ್. ಪ್ರತಿ ಚಿತ್ರದ ನಡುವೆ ಟೆಲಿಸ್ಕೋಪನ್ನ ಕೆಲವು ಪಿಕ್ಸೆಲ್‌ನಷ್ಟು ಅತ್ತಿತ್ತ ಸರಿಸೋದು. ಆಮೇಲೆ ನಕ್ಷತ್ರಗಳನ್ನ ಒಂದರ ಮೇಲೊಂದು ಕೂರಿಸಿದಾಗ ಕೆಟ್ಟ ಪಿಕ್ಸೆಲ್ ಒಂದೊಂದು ಚಿತ್ರದಲ್ಲಿ ಒಂದೊಂದು ಕಡೆ ಬೀಳುತ್ತೆ. ಗುಂಪಿಗೆ ಸೇರದ ಆ ಬೆಲೆಯನ್ನ ಸಾಫ್ಟ್‌ವೇರ್ ತೆಗೆದುಹಾಕುತ್ತೆ. ಒಂದೆರಡು ಸತ್ತ ಕಾಲಂ ಇದ್ದರೂ ಹೀಗೇ ಮಾಯ ಆಗ್ತವೆ. ಮೈಕ್ರೋಸ್ಕೋಪಿನಲ್ಲಿ ಜೀವಂತ ಕೋಶ ಒಂದು ಕಡೆ ನಿಲ್ಲಲ್ಲ, ಹಾಗಾಗಿ ನಮಗೆ ಈ ಉಪಾಯ ಸುಲಭಕ್ಕೆ ದಕ್ಕಲ್ಲ. ಆಕಾಶ ನೋಡುವವರೇ ಪುಣ್ಯವಂತರು!

ಹಾಗಾದ್ರೆ ಯಾವುದಕ್ಕೆ ಹೆದರಬೇಕು? ಮೊದಲನೆಯದು ಕೂಲರ್. ಚಳಿಗಾಲದಲ್ಲಿ, 5 ಡಿಗ್ರಿಯ ಗ್ಯಾರೇಜಿನಲ್ಲಿ "ನೋಡಿ, ಮೈನಸ್ 20 ಬಂತು" ಅಂತ ತೋರಿಸಬಹುದು. ಅದು ಬರೀ 25 ಡಿಗ್ರಿ ಇಳಿತ. ಮಸ್ಕತ್‌ನ ಬೇಸಿಗೆ ರಾತ್ರಿ 33 ಡಿಗ್ರಿ ಇದ್ದರೆ ಅಷ್ಟೇ ಇಳಿತಕ್ಕೆ ನಿಮಗೆ ಸಿಗೋದು 8 ಡಿಗ್ರಿ. ಸುಸ್ಥಿತಿಯಲ್ಲಿರೋ ಕ್ಯಾಮೆರಾ ಸಾಮಾನ್ಯವಾಗಿ 35-40 ಡಿಗ್ರಿ ಇಳಿಸುತ್ತೆ. ಬೆಚ್ಚಗಿನ ಕೋಣೆಯಲ್ಲಿ ಪರೀಕ್ಷೆ ಮಾಡಿಸಿ.

ಎರಡನೆಯದು ತೇವ. ಫ್ರಿಜ್‌ನಿಂದ ತೆಗೆದ ಬಾಟಲಿ ಮೇಲೆ ನೀರು ಕೂರೋ ಹಾಗೆ, ಒಳಗೆ ತೇವ ಹೊಕ್ಕರೆ ತಂಪು ಸೆನ್ಸರ್ ಮೇಲೂ ಹಿಮ ಕೂರುತ್ತೆ. ತೇವ ಹೀರೋ ಪುಟ್ಟ ಮಾತ್ರೆಗಳನ್ನ ಬದಲಿಸೋದಕ್ಕೆ ಹೆಚ್ಚು ಖರ್ಚಿಲ್ಲ. ಸೀಲ್ ಹಾಳಾಗಿದ್ದರೆ ಬೇಡ. ಕಡಲ ತೀರದ ಊರಿನವರಿಗಂತೂ ಬೇಡವೇ ಬೇಡ.

ಮೂರನೆಯದು ಚಿತ್ರದಿಂದ ಚಿತ್ರಕ್ಕೆ ಬದಲಾಗೋ ಪಟ್ಟಿಗಳು. ಇದು ಸರ್ಕ್ಯೂಟ್‌ನ ಕಾಯಿಲೆ ಇರಬಹುದು. ನಾಲ್ಕನೆಯದು ಸೆನ್ಸರ್ ಮೇಲಿನ ಗೀರು. ಧೂಳಾದರೆ ಊದಿ ತೆಗೀಬಹುದು, ಅದರ ನೆರಳನ್ನ ಫ್ಲಾಟ್ ಫ್ರೇಮ್ ಸರಿಮಾಡುತ್ತೆ. ಗೀರು ಬೆಳಕನ್ನೇ ತಡೆದಿದ್ದರೆ ಸರಿಮಾಡೋಕೆ ಅಲ್ಲೇನೂ ಉಳಿದಿರಲ್ಲ.

ಮಾರುವವರನ್ನ ಏನು ಕೇಳಬೇಕು? ಅವರು ತೆಗೆದ ಚೆಂದದ ಫೋಟೋ ಬೇಡ. ಬೇರೆ ಬೇರೆ ದಿನ ತೆಗೆದ, 300 ಸೆಕೆಂಡಿನ ಎರಡು ಡಾರ್ಕ್ ಫ್ರೇಮ್ ಮತ್ತು ಒಂದು ಫ್ಲಾಟ್ ಫ್ರೇಮ್ ಕೇಳಿ. ಜೆಪೆಗ್ ಅಲ್ಲ, ಮೂಲ ಫಿಟ್ಸ್ ಫೈಲ್. ಸಾಮಾನ್ಯವಾಗಿ ಆ ಫೈಲಿನ ಹೆಡರ್‌ನಲ್ಲೇ ಉಷ್ಣಾಂಶ, ಗೇನ್, ಅವಧಿ ದಾಖಲಾಗಿರುತ್ತೆ. ಸಿರಿಲ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಒಂದು ಡಾರ್ಕ್‌ನಿಂದ ಇನ್ನೊಂದನ್ನ ಕಳೆದು ನೋಡಿ. ಎಲ್ಲ ಕಡೆ ಒಂದೇ ಥರ ಸಣ್ಣ ಮರಳಿನಂಥ ಕಾಳು, ಅಲ್ಲೊಂದು ಇಲ್ಲೊಂದು ಚುಕ್ಕೆ ಉಳಿದರೆ ದೋಷ ಸ್ಥಿರವಾಗಿದೆ. ಗೆರೆ, ಪಟ್ಟಿ, ಮೂಲೆಯ ಹೊಳಪು ಉಳಿದರೆ ಕೈ ಬಿಡಿ.

ನಿಮ್ಮ ಉದ್ದೇಶವನ್ನೂ ನೋಡಿಕೊಳ್ಳಿ. ನೆಬ್ಯುಲಾ ಚಿತ್ರಕ್ಕಾದರೆ ಈ ಸಣ್ಣ ದೋಷಗಳು ಲೆಕ್ಕಕ್ಕಿಲ್ಲ. ನಕ್ಷತ್ರದ ಬೆಳಕಿನ ಏರಿಳಿತ ಅಳೆಯುವವರು ಇನ್ನಷ್ಟು ಎಚ್ಚರ ವಹಿಸಬೇಕು, ಯಾಕಂದ್ರೆ ಕೆಟ್ಟ ಪಿಕ್ಸೆಲ್ ಮೇಲೆ ನಕ್ಷತ್ರ ಕೂತರೆ ಅಳತೆಯೇ ತಪ್ಪುತ್ತೆ.

ಹಾಗಾಗಿ ಮಸ್ಕತ್ ಗೆಳೆಯರಿಗೆ ನನ್ನ ಉತ್ತರ: ಆ ಮೂರು ಫೈಲ್ ಬಂದು, ಬೆಚ್ಚಗಿನ ಕೋಣೆಯಲ್ಲಿ ಕೂಲರ್ ಪರೀಕ್ಷೆಯೂ ಪಾಸಾದರೆ ಧಾರಾಳವಾಗಿ ತಗೊಳ್ಳಿ. ಉಳಿದ ದುಡ್ಡಿಗೆ ಒಳ್ಳೆ ಫಿಲ್ಟರ್ ಬರುತ್ತೆ. ಫೈಲ್ ಕಳಿಸೋಕೆ ಅವರು ಮೀನಮೇಷ ಎಣಿಸಿದರೆ, ಅರ್ಧ ಬೆಲೆಯೂ ದುಬಾರಿಯೇ.